ಕಾಳಿಂಗದ ಪಟ್ಟೆ, ಕಿಂಗ್‌ಸ್ನೇಕಿನ ಗೆರೆ: ಹಾವಿನ ಮೈಬಣ್ಣವನ್ನು ಓದಿದ ಚರಿತ್ರೆ

ಆಗುಂಬೆಯ ಕಾಳಿಂಗ ಸರ್ಪಕ್ಕೆ ತನ್ನದೇ ಆದ ವೈಜ್ಞಾನಿಕ ಹೆಸರು ಸಿಕ್ಕಿದ್ದು 2024ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಅದು ಬಂಗಾಳದ ಹಾವಿನ ಹೆಸರನ್ನೇ ಹೊತ್ತುಕೊಂಡಿತ್ತು. 1836ರಲ್ಲಿ ಡೆನ್ಮಾರ್ಕಿನ ವೈದ್ಯ ಥಿಯೊಡೋರ್ ಕ್ಯಾಂಟರ್ ಬಂಗಾಳದ ಹಾವನ್ನು ನೋಡಿ ‘ಹನ್ನಾ’ ಎಂದು ಹೆಸರಿಟ್ಟ. ನಡುವೆ ಬೇರೆ ಹೆಸರುಗಳು ಬಂದುಹೋದವು. ಕೊನೆಗೆ ಮಲೆನಾಡಿನಿಂದ ಫಿಲಿಪ್ಪೀನ್ಸ್‌ವರೆಗಿನ ಎಲ್ಲ ಕಾಳಿಂಗಗಳನ್ನೂ ‘ಒಫಿಯೊಫ್ಯಾಗಸ್ ಹನ್ನಾ’ ಎಂಬ ಒಂದೇ ಪ್ರಭೇದಕ್ಕೆ ಸೇರಿಸಲಾಯಿತು. 188 ವರ್ಷಗಳ ನಂತರ ಇಂದ್ರನೀಲ್ ದಾಸ್, ಪಿ. ಗೌರಿಶಂಕರ್, ವುಲ್ಫ್‌ಗಾಂಗ್ ವುಸ್ಟರ್ ಮತ್ತು ಸಂಗಡಿಗರು ‘ಯುರೋಪಿಯನ್ ಜರ್ನಲ್ ಆಫ್ ಟ್ಯಾಕ್ಸಾನಮಿ’ಯಲ್ಲಿ ಅದನ್ನು ನಾಲ್ಕಾಗಿ ಬಿಡಿಸಿದರು. ಪಶ್ಚಿಮಘಟ್ಟದ ಪಾಲಿಗೆ ಬಂದದ್ದು ‘ಒಫಿಯೊಫ್ಯಾಗಸ್ ಕಾಳಿಂಗ’. ಮಲೆನಾಡಿನವರು ಯಾವತ್ತೂ ಕರೆಯುತ್ತಿದ್ದ ಹೆಸರೇ ಪುಸ್ತಕಕ್ಕೂ ಹತ್ತಿತು.

ಈ ವಿಂಗಡಣೆಗೆ ಮೊದಲ ಬಲ ಕೊಟ್ಟದ್ದು ಡಿಎನ್‌ಎ. 2021ರಲ್ಲಿ ಇದೇ ಬಳಗದ ಹಲವರು ಸೇರಿ ಪ್ರಕಟಿಸಿದ ಅಧ್ಯಯನ ಕಾಳಿಂಗದಲ್ಲಿ ನಾಲ್ಕು ಬೇರೆ ಬೇರೆ ವಂಶಗಳಿವೆ ಎಂದು ತೋರಿಸಿತ್ತು. ಆದರೆ ಕಾಡಿನಲ್ಲಿ ಹಾವು ಎದುರಾದಾಗ ಡಿಎನ್‌ಎ ಕಾಣುವುದಿಲ್ಲ, ಕಾಣುವುದು ಪಟ್ಟೆ. ಬಂಗಾಳ, ಒಡಿಶಾ, ಈಶಾನ್ಯ ಭಾರತದಿಂದ ಥಾಯ್ಲೆಂಡ್‌ ಕಡೆಗೆ ಹಬ್ಬಿದ ಹನ್ನಾದ ಮೈಮೇಲಿನ ತಿಳಿ ಪಟ್ಟೆಗಳಿಗೆ ಕಪ್ಪು ಅಂಚಿರುತ್ತದೆ. ನಮ್ಮ ಕಾಳಿಂಗದ ಪಟ್ಟೆಗೆ ಆ ಅಂಚಿಲ್ಲ. ಮಲೇಷ್ಯಾ, ಇಂಡೊನೇಷ್ಯಾ ಕಡೆಯ ‘ಬಂಗಾರಸ್’ ದೊಡ್ಡದಾದ ಮೇಲೆ ಬಹುಮಟ್ಟಿಗೆ ಪಟ್ಟೆಯನ್ನೇ ಕಳೆದುಕೊಳ್ಳುತ್ತದೆ. ಫಿಲಿಪ್ಪೀನ್ಸಿನ ಲುಜಾನ್ ದ್ವೀಪದ ‘ಸಾಲ್ವಟಾನ’ದಲ್ಲಿ ಪಟ್ಟೆಗಳು ಚೂಪಾಗಿ ಕೋನಗಟ್ಟಿರುತ್ತವೆ. ಹೀಗೆ ಒಂದು ತೆಳು ಕಪ್ಪು ಗೆರೆ ಇದೆಯೋ ಇಲ್ಲವೋ ಎಂಬುದು ಪ್ರಭೇದದ ಗುರುತಾಯಿತು.

ಅಮೆರಿಕದ ಕಿಂಗ್‌ಸ್ನೇಕ್‌ನ ಕಥೆ ಇದಕ್ಕೆ ನೇರ ಉಲ್ಟಾ. ಅಲ್ಲಿ ಎರಡು ಹೆಸರುಗಳಿದ್ದವು, ಹಾವು ಮಾತ್ರ ಒಂದೇ.

ಕಿಂಗ್‌ಸ್ನೇಕ್ ವಿಷವಿಲ್ಲದ ಹಾವು. ಕಾಳಿಂಗಕ್ಕೂ ಅದಕ್ಕೂ ಹತ್ತಿರದ ನೆಂಟಸ್ತಿಕೆಯೇನೂ ಇಲ್ಲ, ಇನ್ನೊಂದು ಹಾವನ್ನು ನುಂಗುವ ಚಟ ಮಾತ್ರ ಎರಡಕ್ಕೂ ಸಮಾನ. ಕ್ಯಾಲಿಫೋರ್ನಿಯಾದ ಕಿಂಗ್‌ಸ್ನೇಕ್‌ಗಳಲ್ಲಿ ಎರಡು ಬಗೆ. ಒಂದರ ಮೈಸುತ್ತ ಬಿಳಿ ಉಂಗುರಗಳು. ಇನ್ನೊಂದರ ಬೆನ್ನಮೇಲೆ ತಲೆಯ ಹಿಂದಿನಿಂದ ಬಾಲದವರೆಗೆ ಉದ್ದಕ್ಕೆ ಎಳೆದ ಒಂದೇ ಗೆರೆ. 1835ರಲ್ಲಿ ಫ್ರಾನ್ಸಿನ ಬ್ಲೇನ್‌ವಿಲ್ ಗೆರೆಯ ಹಾವಿಗೆ ‘ಕ್ಯಾಲಿಫೋರ್ನಿಯೇ’ ಎಂದು ಹೆಸರಿಟ್ಟ. 1853ರಲ್ಲಿ ಬೇರ್ಡ್ ಮತ್ತು ಗಿರಾರ್ಡ್ ಉಂಗುರದ ಹಾವಿಗೆ ‘ಬಾಯ್ಲಿ’ ಎಂದರು. ಗೆರೆಗೂ ಉಂಗುರಕ್ಕೂ ಅಷ್ಟು ವ್ಯತ್ಯಾಸ ಕಂಡಾಗ ಯಾರೇ ಆದರೂ ಎರಡು ಹೆಸರು ಬರೆಯುತ್ತಿದ್ದರು.

ಈ ಗಂಟು ಬಿಚ್ಚಿದವನು ವೃತ್ತಿಯಿಂದ ಪ್ರಾಣಿಶಾಸ್ತ್ರಜ್ಞನೇ ಅಲ್ಲ. ಲಾರೆನ್ಸ್ ಕ್ಲೌಬರ್ ವಿದ್ಯುತ್ ಇಂಜಿನಿಯರ್. ಸ್ಯಾನ್ ಡಿಯೆಗೊದ ಗ್ಯಾಸ್ ಮತ್ತು ವಿದ್ಯುತ್ ಕಂಪನಿಯಲ್ಲಿ ಮೇಲೇರಿ ಅದರ ಅಧ್ಯಕ್ಷನೂ ಆದವನು. ಹಾವು ಅವನ ಹವ್ಯಾಸವಾಗಿತ್ತು, ಆದರೆ ಲೆಕ್ಕ ಇಡುವುದರಲ್ಲಿ ಇಂಜಿನಿಯರನ ಶಿಸ್ತು. ಒಂದೇ ತಾಯಿ ಇಟ್ಟ ಮೊಟ್ಟೆಗಳಿಂದ ಗೆರೆಯ ಮರಿಗಳೂ ಉಂಗುರದ ಮರಿಗಳೂ ಹೊರಬರುತ್ತವೆ ಎಂಬುದನ್ನು ಅವನು 1936ರಲ್ಲಿ ‘ಹರ್ಪೆಟಾಲಜಿಕಾ’ ಪತ್ರಿಕೆಯಲ್ಲಿ ದಾಖಲಿಸಿದ. ಒಂದೇ ಬಸಿರಿನ ಮರಿಗಳು ಎರಡು ಪ್ರಭೇದಗಳಾಗಲು ಹೇಗೆ ಸಾಧ್ಯ? ವಾದ ಅಷ್ಟಕ್ಕೇ ಮುಗಿಯಲಿಲ್ಲ, 1939 ಮತ್ತು 1944ರಲ್ಲಿ ಅವನು ಇನ್ನಷ್ಟು ಮರಿಗಳ ಲೆಕ್ಕದೊಂದಿಗೆ ಅದೇ ವಿಷಯಕ್ಕೆ ಮರಳಬೇಕಾಯಿತು. 1981ರಲ್ಲಿ ರಿಚರ್ಡ್ ಜ್ವೈಫೆಲ್ ‘ಜರ್ನಲ್ ಆಫ್ ಹೆರೆಡಿಟಿ’ಯಲ್ಲಿ ಈ ಗೆರೆ–ಉಂಗುರಗಳ ಅನುವಂಶೀಯತೆಯನ್ನು ಬಿಡಿಸಿಟ್ಟ. 2009ರಲ್ಲಿ ಪೈರನ್ ಮತ್ತು ಬರ್‌ಬ್ರಿಂಕ್ ಡಿಎನ್‌ಎ ಆಧಾರದ ಮೇಲೆ ಕ್ಯಾಲಿಫೋರ್ನಿಯಾದ ಹಾವನ್ನು ಪ್ರತ್ಯೇಕ ಪ್ರಭೇದವೆಂದು ಎತ್ತಿಹಿಡಿದಾಗ ಉಳಿದದ್ದು ಬ್ಲೇನ್‌ವಿಲ್‌ನ ಹೆಸರು. ಗೆರೆಯ ಹಾವಿಗಿಟ್ಟ ಹೆಸರಿನಲ್ಲೇ ಈಗ ಉಂಗುರದ ಹಾವುಗಳೂ ಇವೆ.

ಇಲ್ಲಿ ಗಮನಿಸಬೇಕಾದದ್ದು ಸಾಕ್ಷಿ ಸಿಕ್ಕ ಜಾಗ. ಮ್ಯೂಸಿಯಮ್ಮಿನ ಸ್ಪಿರಿಟ್ ಜಾಡಿಗಳಲ್ಲಿ ಈ ಎರಡು ಬಗೆಯ ಹಾವುಗಳು ಎಷ್ಟು ವರ್ಷ ಅಕ್ಕಪಕ್ಕ ಕೂತಿದ್ದರೂ ತಾವು ಒಡಹುಟ್ಟುಗಳೆಂದು ಹೇಳುತ್ತಿರಲಿಲ್ಲ. ಅದಕ್ಕೆ ಗೂಡಿನಲ್ಲಿ ಮೊಟ್ಟೆ ಒಡೆಯಬೇಕಾಯಿತು. ಜಾರ್ಜಿಯಾ ರಾಜ್ಯದ ಚರ್ಮರೋಗ ವೈದ್ಯ ಬರ್ನಾರ್ಡ್ ಬೆಕ್ಟೆಲ್ ಮತ್ತು ಅವರ ಪತ್ನಿ ಎಲಿಜಬೆತ್ ಇದೇ ದಾರಿ ಹಿಡಿದರು. ಕಿಂಗ್‌ಸ್ನೇಕ್‌ನ ಬಂಧುವಾದ ಕಾರ್ನ್ ಸ್ನೇಕ್‌ನಲ್ಲಿ ಬಿಳಿಚುತನ (ಆಲ್ಬಿನಿಸಂ) ಮೆಂಡೆಲ್ ಹೇಳಿದ ಅಪ್ರಬಲ ಗುಣದಂತೆಯೇ ಸಾಗುತ್ತದೆ ಎಂದು ಅವರು 1962ರಲ್ಲಿ ‘ಕೋಪಿಯಾ’ದಲ್ಲಿ ತೋರಿಸಿದರು. ನೋಡಲು ಮಾಮೂಲಾಗಿರುವ ಎರಡು ಹಾವುಗಳು ಒಳಗೆ ಆ ಗುಣವನ್ನು ಹೊತ್ತಿದ್ದರೆ ಅವುಗಳ ಮರಿಗಳಲ್ಲಿ ಸರಾಸರಿ ನಾಲ್ಕಕ್ಕೊಂದು ಬಿಳಿಚಾಗುತ್ತದೆ.

ಹಾವಿನ ಬಿಳಿಚುತನ ಮನುಷ್ಯರದ್ದರಂತಲ್ಲ. ನಮ್ಮ ಚರ್ಮದ ಬಣ್ಣಕ್ಕೆ ಮುಖ್ಯವಾಗಿ ಮೆಲನಿನ್ ಒಂದೇ ಆಧಾರ. ಹಾವಿನ ಚರ್ಮದಲ್ಲಿ ಕಪ್ಪು–ಕಂದು ಕೊಡುವ ಕೋಶಗಳು, ಹಳದಿ–ಕೆಂಪು ಕೊಡುವ ಕೋಶಗಳು, ಬೆಳಕನ್ನು ಚೆದುರಿಸುವ ಹರಳುಗಳಿರುವ ಕೋಶಗಳು ಹೀಗೆ ಮೂರು ಬಗೆಯಿವೆ. ಮೆಲನಿನ್ ಕೈಕೊಟ್ಟರೂ ಉಳಿದೆರಡು ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಹೀಗಾಗಿ ಬಿಳಿಚು ಕಿಂಗ್‌ಸ್ನೇಕ್‌ನಲ್ಲಿ ಬಣ್ಣ ಹೋದರೂ ವಿನ್ಯಾಸ ಹೋಗುವುದಿಲ್ಲ. ಉಂಗುರವಿದ್ದಲ್ಲಿ ಉಂಗುರ, ಗೆರೆಯಿದ್ದಲ್ಲಿ ಗೆರೆ, ಕಪ್ಪಿದ್ದ ಕಡೆ ಮಾತ್ರ ತಿಳಿ ಗುಲಾಬಿ. ಕಾರ್ನ್ ಸ್ನೇಕ್‌ನಲ್ಲಿ ಇದಕ್ಕೆ ಕಾರಣ ಒಸಿಎ2 ಎಂಬ ಜೀನ್ ಕೆಡುವುದು ಎಂದು 2015ರಲ್ಲಿ ಜಿನೀವಾದ ಸಂಶೋಧಕರು ಪತ್ತೆಹಚ್ಚಿದರು. ವಿನ್ಯಾಸವನ್ನೇ ಬದಲಿಸುವ ಜೀನ್‌ಗಳ ಪತ್ತೆಯಲ್ಲಿ ಬೆಂಗಳೂರಿಗೂ ಪಾಲಿದೆ. ಒಡಿಶಾದ ಸಿಮ್ಲಿಪಾಲದ ‘ಕಪ್ಪು’ ಹುಲಿಗಳ ಪಟ್ಟೆಗಳು ಅಗಲವಾಗಿ ಒಂದಕ್ಕೊಂದು ಕೂಡಿಕೊಳ್ಳುವುದು ಟ್ಯಾಕ್‌ಪೆಪ್ ಎಂಬ ಜೀನಿನ ಒಂದು ಬದಲಾವಣೆಯಿಂದ ಎಂದು ಅಲ್ಲಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ (ಎನ್‌ಸಿಬಿಎಸ್) ಉಮಾ ರಾಮಕೃಷ್ಣನ್, ವಿನಯ್ ಸಾಗರ್ ಮತ್ತು ಸಂಗಡಿಗರು 2021ರಲ್ಲಿ ತೋರಿಸಿದರು. ಆ ಲೆಕ್ಕಕ್ಕೂ ಮೃಗಾಲಯದಲ್ಲಿ ಹುಟ್ಟಿದ ಹುಲಿಗಳ ವಂಶಾವಳಿ ಬೇಕಾಯಿತು.

ಬೆಕ್ಟೆಲ್ ದಂಪತಿಯ ಲೆಕ್ಕ ವ್ಯಾಪಾರಿಗಳ ಕೈಗೆ ಬರಲು ತಡವಾಗಲಿಲ್ಲ. ಬನಾನಾ, ಲ್ಯಾವೆಂಡರ್ ಎಂದೆಲ್ಲ ಹೆಸರಿಟ್ಟ ಕಿಂಗ್‌ಸ್ನೇಕ್‌ಗಳು ಸಾಕುಪ್ರಾಣಿಗಳ ಮಾರುಕಟ್ಟೆ ತುಂಬಿದವು. ಬಿಳಿಚು ಹಾವು ಕಾಡಿನಲ್ಲಿ ಹದ್ದಿನ ಕಣ್ಣಿಗೆ ಬಿದ್ದು ಬದುಕುವುದಿಲ್ಲ ಎಂಬುದು ಸಾಮಾನ್ಯ ನಂಬಿಕೆ. ಸ್ಪೇನಿನ ಗ್ರಾನ್ ಕನಾರಿಯಾ ದ್ವೀಪ ಅದನ್ನು ಸುಳ್ಳಾಗಿಸಿತು. 1998ರ ಸುಮಾರಿಗೆ ಅಲ್ಲಿ ಸಾಕಣೆಯಿಂದ ತಪ್ಪಿಸಿಕೊಂಡ ಕ್ಯಾಲಿಫೋರ್ನಿಯಾದ ಕಿಂಗ್‌ಸ್ನೇಕ್‌ಗಳು ಕಾಣಿಸಿಕೊಂಡವು. ಅವುಗಳಲ್ಲಿ ಬಿಳಿಚು ಹಾವುಗಳೂ ಗೆರೆಯ ಹಾವುಗಳೂ ಇದ್ದದ್ದೇ ಅವು ಸಾಕಣೆಯ ಮೂಲದವು ಎಂಬುದಕ್ಕೆ ಗುರುತಾಯಿತು. 2011ರಿಂದ 2015ರವರೆಗೆ ಐರೋಪ್ಯ ಒಕ್ಕೂಟದ ಹಣದಲ್ಲಿ ಹಾವು ಹಿಡಿಯುವ ಯೋಜನೆ ನಡೆದರೂ ಅವುಗಳ ಹರಡುವಿಕೆ ನಿಲ್ಲಲಿಲ್ಲ. ಹಾವು ನೆಲೆಸಿದ ಕಡೆ ದ್ವೀಪಕ್ಕೇ ವಿಶಿಷ್ಟವಾದ ದೈತ್ಯ ಹಲ್ಲಿಯ ಸಂಖ್ಯೆ ಶೇ. 90ಕ್ಕಿಂತ ಹೆಚ್ಚು ಕುಸಿದಿದೆ ಎಂದು 2021ರ ಅಧ್ಯಯನ ಹೇಳಿತು. ಚಂದಕ್ಕೆಂದು ಬೆಳೆಸಿದ ಬಣ್ಣದ ಬೆಲೆಯನ್ನು ಯಾರು ತೆತ್ತರು ಎಂಬುದು ಈ ಲೆಕ್ಕದಲ್ಲಿ ಸ್ಪಷ್ಟವಾಗಿದೆ.

ಸಾಕಣೆ ಇಲ್ಲದೆಯೂ ವೈವಿಧ್ಯ ಇದ್ದೇ ಇರುತ್ತದೆ. ಶಿವಮೊಗ್ಗ ಮತ್ತು ಭದ್ರಾವತಿಯ ನಡುವಿನ ಮಾಚೇನಹಳ್ಳಿಯಂಥ ಬಯಲಿನ ಕಡೆ ಕಾಳಿಂಗ ಸುಳಿಯುವುದಿಲ್ಲ, ಅದಕ್ಕೆ ತೀರ್ಥಹಳ್ಳಿ ದಾಟಿದ ಮಳೆಕಾಡು ಬೇಕು. ಬಯಲಿನಲ್ಲಿ ಕಾಣುವುದು ನಾಗರ, ಕೇರೆ, ಕೊಳಕುಮಂಡಲ. ನಾಗರನ ಹೆಡೆಯ ಕನ್ನಡಕದ ಗುರುತನ್ನೇ ನೋಡಿ: ಒಂದರಲ್ಲಿ ಅಚ್ಚೊತ್ತಿದಂತಿದ್ದರೆ ಇನ್ನೊಂದರಲ್ಲಿ ಮಸುಕು, ಕೆಲವು ನಾಗರಗಳಲ್ಲಿ ಗುರುತೇ ಇರುವುದಿಲ್ಲ. ಹಾಗೆಂದು ಅವು ಬೇರೆ ಪ್ರಭೇದವಲ್ಲ. ಆಗುಂಬೆಯ ಮಳೆಗಾಲದಲ್ಲಿ ಕೊಂಬೆಗೆ ಸುತ್ತಿಕೊಂಡು ಕೂರುವ ಮಲಬಾರ್ ಪಿಟ್ ವೈಪರ್ ಹಸಿರು, ಹಳದಿ, ಕಂದು, ಕಿತ್ತಳೆ ಹೀಗೆ ನಾನಾ ಬಣ್ಣಗಳಲ್ಲಿ ಬರುತ್ತದೆ. ಕ್ಲೌಬರನ ಕಣ್ಣಿಗೆ ಬಿದ್ದಿದ್ದರೆ ಖುಷಿಪಡುತ್ತಿದ್ದ. ಬಿಳಿ ನಾಗರ ಸಿಕ್ಕಾಗ ನಮ್ಮಲ್ಲಿ ಜನ ಕೈಮುಗಿಯುತ್ತಾರೆ, ಬೆಲೆ ಕಟ್ಟುವುದಿಲ್ಲ. ಹಾವಿನ ಪಾಲಿಗೆ ಅದೇ ಮೇಲು.

ಆದರೂ ಬೆಲೆ ಕಟ್ಟುವವರು ಇಲ್ಲದಿಲ್ಲ. 2022ರ ಆಗಸ್ಟ್‌ನಲ್ಲಿ ಬ್ಯಾಂಕಾಕ್‌ನಿಂದ ಚೆನ್ನೈಗೆ ಬಂದ ಪ್ರಯಾಣಿಕರೊಬ್ಬರ ಸಾಮಾನಿನಲ್ಲಿ ಕಸ್ಟಮ್ಸ್ ಅಧಿಕಾರಿಗಳಿಗೆ 15 ಕಿಂಗ್‌ಸ್ನೇಕ್, 5 ಬಾಲ್ ಪೈಥಾನ್ ಸಿಕ್ಕವು. 2023ರ ಜನವರಿಯಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಸಿಕ್ಕ ಪ್ರಾಣಿಗಳ ಜಾಡು ಹಿಡಿದು ಕಂದಾಯ ಗುಪ್ತಚರ ನಿರ್ದೇಶನಾಲಯ (ಡಿಆರ್‌ಐ) ಹೊರಟಾಗ ತೋಟದ ಮನೆಯೊಂದರಲ್ಲಿ 48 ಪ್ರಭೇದಗಳ 139 ಪ್ರಾಣಿಗಳು ದೊರೆತವು, ಅನಕೊಂಡ, ಬಾಲ್ ಪೈಥಾನ್‌ಗಳೂ ಅವುಗಳಲ್ಲಿದ್ದವು. 2024ರ ಏಪ್ರಿಲ್‌ನಲ್ಲಿ ಅದೇ ನಿಲ್ದಾಣದಲ್ಲಿ 10 ಹಳದಿ ಅನಕೊಂಡಗಳು ಸೂಟ್‌ಕೇಸಿನಲ್ಲಿ ಬಂದಿಳಿದವು. ಕ್ಯಾಲಿಫೋರ್ನಿಯಾದ ಕಿಂಗ್‌ಸ್ನೇಕ್ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿ ಇಲ್ಲದ ಹಾವು, ಆದರೂ ಪರವಾನಗಿ ಇಲ್ಲದೆ ಜೀವಂತ ಪ್ರಾಣಿಯನ್ನು ದೇಶದೊಳಗೆ ತರುವಂತಿಲ್ಲ.

ನಮ್ಮ ಹಾವುಗಳ ಸಾಕಣೆಗೆ ಇರುವ ಜಾಗ ಮೃಗಾಲಯ ಮಾತ್ರ. ಸಾಕಣೆಯಲ್ಲಿ ಕಾಳಿಂಗ ಮರಿಮಾಡುವುದನ್ನು ನ್ಯೂಯಾರ್ಕಿನ ಜೇಮ್ಸ್ ಆಲಿವರ್ 1956ರಷ್ಟು ಹಿಂದೆಯೇ ವರದಿ ಮಾಡಿದ್ದ. ಕರ್ನಾಟಕದಲ್ಲಿ ಆ ಕೆಲಸ 2011ರಲ್ಲಿ ಮಂಗಳೂರಿನ ಪಿಲಿಕುಳ ಜೈವಿಕ ಉದ್ಯಾನದಲ್ಲಿ ಕೈಗೂಡಿತು. ಅಲ್ಲಿ ಯಾರೂ ಬಣ್ಣಕ್ಕಾಗಿ ಜೋಡಿ ಹುಡುಕಲಿಲ್ಲ. ಮೊಟ್ಟೆಯಿಂದ ಬಂದ ಕಾಳಿಂಗದ ಮರಿ ಹೇಗೂ ಕಡುಗಪ್ಪು ಮೈಗೆ ಎದ್ದು ಕಾಣುವ ತಿಳಿ ಪಟ್ಟೆ ಹೊತ್ತೇ ಬರುತ್ತದೆ, ಬೆಳೆದಂತೆ ಕಪ್ಪು ಮಾಸಿ ಕಂದಾಗುತ್ತದೆ, ಪಟ್ಟೆಯೂ ಮಂಕಾಗುತ್ತದೆ.

ಆದರೆ 2024ರ ನಂತರ ಮೃಗಾಲಯಗಳಿಗೆ ಹೊಸ ಕೆಲಸ ಹತ್ತಿದೆ. ಪ್ರಾಣಿಗಳ ವಿನಿಮಯ ಅವುಗಳ ನಡುವೆ ಮಾಮೂಲು, ಮತ್ತು ಅಲ್ಲಿಯವರೆಗಿನ ದಾಖಲೆಗಳಲ್ಲಿ ಪಶ್ಚಿಮಘಟ್ಟದ ಹಾವೂ ಒಡಿಶಾದ ಹಾವೂ ಒಂದೇ ಹೆಸರಿನಲ್ಲಿವೆ. ಒಡಿಶಾದ ಗಂಡನ್ನು ಮಲೆನಾಡಿನ ಹೆಣ್ಣಿನ ಗೂಡಿಗೆ ಬಿಟ್ಟರೆ ಈಗ ಅದು ಎರಡು ಪ್ರಭೇದಗಳ ಬೆರಕೆ. ಜೋಡಿ ಮಾಡುವ ಮುನ್ನ ಹಾವು ಹಿಡಿದ ಊರಿನ ಹೆಸರನ್ನು ಹಳೆಯ ರಿಜಿಸ್ಟರಿನಲ್ಲಿ ಹುಡುಕಬೇಕು, ಅದು ಸಿಗದಿದ್ದರೆ ಪಟ್ಟೆಯ ಅಂಚು ನೋಡಬೇಕು, ಪಟ್ಟೆ ಮಾಸಿದ ಮುದಿ ಹಾವಾದರೆ ಪೊರೆಯ ಚೂರನ್ನೋ ಹುರುಪೆಯನ್ನೋ ಡಿಎನ್‌ಎ ಪರೀಕ್ಷೆಗೆ ಕಳಿಸಬೇಕು.