ಪಾಲೀನ್ ಮತ್ತು ಹೆರ್ಮನ್ ಮೋಗ್ಲಿಂಗ್

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಿತ್ತು. ಕಲ್ಲಚ್ಚಿನಲ್ಲಿ ಮೂಡಿದ ನಾಲ್ಕು ಪುಟಗಳಲ್ಲಿ ಊರ ವರ್ತಮಾನ, ಸರ್ಕಾರದ ನಿರೂಪ, ಪರದೇಶದ ಸುದ್ದಿ, ಹಾಡು ಎಲ್ಲವೂ ಇದ್ದವು. ಅದರ ಸಂಪಾದಕ ಹೆರ್ಮನ್ ಮೋಗ್ಲಿಂಗ್ ಬಾಸೆಲ್ ಮಿಶನ್ನಿನಿಂದ 1836ರಲ್ಲಿ ಮಂಗಳೂರಿಗೆ ಬಂದವರು. ‘ಬಿಬ್ಲಿಯೊತೆಕಾ ಕರ್ನಾಟಿಕಾ’ ಮಾಲೆಯಲ್ಲಿ ನಮ್ಮ ಹಳೆಯ ಕಾವ್ಯಗಳನ್ನೂ ದಾಸರ ಪದಗಳನ್ನೂ ಅಚ್ಚಿಗೆ ತಂದರು.

ಮೋಗ್ಲಿಂಗರ ಪತ್ನಿ ಪಾಲೀನ್ ಅವರ ಹೆಸರು ಇಷ್ಟು ಪರಿಚಿತವಲ್ಲ, ಆಗಬೇಕಿತ್ತು. ಅವರ ಮೊದಲ ಪತಿ, ಮೋಗ್ಲಿಂಗರ ಬಂಧು ಗಾಟ್‌ಫ್ರೀಡ್ ವೈಗ್ಲೆ, ಕನ್ನಡ ಬೈಬಲ್ ಅನುವಾದದಲ್ಲಿ ದುಡಿದು ಇಲ್ಲೇ ತೀರಿಕೊಂಡರು. ಮುಂದೆ ಪಾಲೀನ್ ಮೋಗ್ಲಿಂಗರನ್ನು ವರಿಸಿ ಅವರ ಕೊಡಗಿನ ಕೆಲಸಕ್ಕೆ ಜೊತೆಯಾದರು. ಮಲೆನಾಡಿನ ಚಳಿಜ್ವರಕ್ಕೆ ಸೊಳ್ಳೆ ಕಾರಣವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ‘ಕೆಟ್ಟ ಗಾಳಿ’ಯನ್ನೇ ದೂರುತ್ತಿದ್ದರು. 1850ರ ದಶಕದಿಂದ ಮಿಶನರಿಗಳ ಮಕ್ಕಳನ್ನು ಓದಿಗಾಗಿ ಬಾಸೆಲ್‌ಗೆ ಕಳುಹಿಸುವುದೂ ಪದ್ಧತಿಯಾಯಿತು. ಹಾಸಿಗೆ ಹಿಡಿದ ತಾಯಂದಿರಿಗೆ ಆ ಅಗಲಿಕೆ ಎಂಥದ್ದಾಗಿತ್ತು ಎಂಬುದು ವರದಿಗಳಲ್ಲಿ ಸಿಗುವುದು ಅಪರೂಪ.

ಪಾಲೀನರ ಆರೋಗ್ಯವೂ ಕೆಟ್ಟಿತು. ಅದು ಸುಧಾರಿಸದೆ 1860ರಲ್ಲಿ ದಂಪತಿ ಜರ್ಮನಿಗೆ ಹೊರಟರು. ಸೂಯೆಜ್ ಕಾಲುವೆ ಇನ್ನೂ ತೆರೆದಿರಲಿಲ್ಲ. ರೋಗಿಗಳಿಗೆ ಆ ಪಯಣವೇ ದೊಡ್ಡ ಪರೀಕ್ಷೆ. ಹೆಂಡತಿಯ ಆರೈಕೆಗಾಗಿ, ಕಾಲು ಶತಮಾನದಷ್ಟು ಕಾಲ ಕಟ್ಟಿದ ಕೆಲಸವನ್ನು ಮೋಗ್ಲಿಂಗ್ ಬಿಟ್ಟುಹೋದದ್ದು ಸಣ್ಣ ತ್ಯಾಗವಲ್ಲ. ಅವರು ಮತ್ತೆ ಭಾರತಕ್ಕೆ ಬರಲಿಲ್ಲ. ಅದೇ 1860ರಲ್ಲಿ ಅವರ ಜರ್ಮನ್ ಅನುವಾದದಲ್ಲಿ ಕನ್ನಡದ ಹಾಡುಗಳು ಜರ್ಮನಿಯ ಪ್ರಾಚ್ಯವಿದ್ಯಾ ಪತ್ರಿಕೆಯೊಂದರಲ್ಲಿ ಪ್ರಕಟವಾದವು. 1881ರಲ್ಲಿ ಎಸ್ಲಿಂಗೆನ್‌ನಲ್ಲಿ ಅವರು ನಿಧನರಾದರು.