ಗಳಗನಾಥರ ಪುಸ್ತಕದ ಗಂಟು

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಂದೋಲಾ ನಿಜಾಮ ಸಂಸ್ಥಾನದ ಒಂದು ತಾಲೂಕು; ಅಲ್ಲಿ ಉರ್ದುವಿನ ಆಡಳಿತ. ಧಾರವಾಡ ಸೀಮೆಯಲ್ಲಿಯಾದರೋ ಮರಾಠಿಯ ಪ್ರಾಬಲ್ಯ. ಹಾವೇರಿ ಸಮೀಪದ ಗಳಗನಾಥದಲ್ಲಿ 1869ರಲ್ಲಿ ಜನಿಸಿದ ವೆಂಕಟೇಶ ತಿರಕೋ ಕುಲಕರ್ಣಿಯವರು, ಶಿಕ್ಷಕರಾಗಿದ್ದವರು, ಕಾದಂಬರಿ ರಚನೆಗೆ ತೊಡಗಿದುದು ಇಂತಹ ಕಾಲದಲ್ಲಿ. ಹರಿ ನಾರಾಯಣ ಆಪ್ಟೆಯವರ ಮರಾಠಿ ಕೃತಿಗಳನ್ನು ಕನ್ನಡಕ್ಕೆ ತಂದರು. ವಿಜಯನಗರದ ಉದಯವನ್ನು ಕುರಿತು ‘ಮಾಧವ ಕರುಣಾ ವಿಲಾಸ’ವನ್ನು ಬರೆದರು. ಅನುವಾದವೆಂದು ಮೂಗು ಮುರಿಯುವವರುಂಟು. ಆದರೆ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಆ ಮಹನೀಯರು ಕನ್ನಡ ಓದುವ ಜನವನ್ನೇ ನಿರ್ಮಿಸಿದರಲ್ಲವೆ? ಅವರ ದೀರ್ಘ ವಾಕ್ಯಗಳು ಇಂದು ತುಸು ಭಾರವೆನಿಸಬಹುದು; ಕಥೆ ಮಾತ್ರ ಓದುಗನನ್ನು ಕೈಬಿಡದು. ಮನೆಮಂದಿಯೆಲ್ಲ ಕುಳಿತು ಕೇಳಬಹುದಾದ ಗದ್ಯವದು. 1942ರಲ್ಲಿ ಅವರು ಕಾಲವಾದಾಗ ಅಂದೋಲೆಯ ಬಾಲಕನಿಗೆ ಪ್ರೌಢವಿದ್ಯೆ ಇನ್ನೂ ಉರ್ದುವಿನಲ್ಲಿಯೇ ಇದ್ದಿತು.