ಸೋನೋಸ್ ಆಪ್ ಪ್ರಕರಣ: ಸ್ಟ್ರೀಮಿಂಗ್ ಸಂಗೀತ ಮತ್ತು ಬಳಕೆ ಸೌಕರ್ಯ

ಧ್ವನಿಸುರುಳಿ, ಸಿ.ಡಿ.ಗಳ ಕಾಲದಲ್ಲಿ ಹಾಡು ಕೇಳಲು ಯಂತ್ರದ ಗುಂಡಿಯೊಂದನ್ನು ಒತ್ತಿದರೆ ಸಾಕಿತ್ತು. ಅಂತರ್ಜಾಲದ ಮೂಲಕ ಹರಿದು ಬರುವ ಸ್ಟ್ರೀಮಿಂಗ್ ಸಂಗೀತದ ಯುಗದಲ್ಲಿ ಆ ಗುಂಡಿಯ ಸ್ಥಾನವನ್ನು ಸ್ಮಾರ್ಟ್‌ಫೋನ್ ಆಪ್ ಆಕ್ರಮಿಸಿಕೊಂಡಿದೆ. ಆಪ್ ಕೈಕೊಟ್ಟರೆ ದುಬಾರಿ ಸ್ಪೀಕರ್ ಸಹ ಮೂಕವಾಗಬಹುದು. ಅಮೆರಿಕದ ಸೋನೋಸ್ ಕಂಪನಿ 2024ರಲ್ಲಿ ಎದುರಿಸಿದ ಬಿಕ್ಕಟ್ಟು ಇದಕ್ಕೆ ಸ್ಪಷ್ಟ ನಿದರ್ಶನ.

ಬಳಕೆ ಸೌಕರ್ಯ ಎಂದರೇನು?

ಇದಕ್ಕೆ ಅಂತರರಾಷ್ಟ್ರೀಯ ವ್ಯಾಖ್ಯಾನವೇ ಇದೆ. ಐಎಸ್‌ಒ 9241-11 ಮಾನದಂಡದ ಪ್ರಕಾರ, ನಿರ್ದಿಷ್ಟ ಬಳಕೆದಾರರು ನಿರ್ದಿಷ್ಟ ಸನ್ನಿವೇಶದಲ್ಲಿ ತಮ್ಮ ಉದ್ದೇಶವನ್ನು ಎಷ್ಟು ಪರಿಣಾಮಕಾರಿಯಾಗಿ, ಎಷ್ಟು ದಕ್ಷವಾಗಿ ಹಾಗೂ ಎಷ್ಟು ತೃಪ್ತಿಕರವಾಗಿ ಸಾಧಿಸಬಲ್ಲರು ಎಂಬುದೇ ಬಳಕೆ ಸೌಕರ್ಯದ ಅಳತೆಗೋಲು. ಪರದೆಯ ಅಂದಚೆಂದ ಈ ಅಳತೆಯ ಒಂದು ಅಂಶವಾಗಬಹುದೇ ಹೊರತು ಅದೇ ಸರ್ವಸ್ವವಲ್ಲ.

ಗುಂಡಿಯಿಂದ ಆಪ್‌ಗೆ

ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ 2002ರಲ್ಲಿ ಸ್ಥಾಪನೆಯಾದ ಸೋನೋಸ್, ಮನೆಯ ಹಲವು ಕೋಣೆಗಳಲ್ಲಿ ಏಕಕಾಲಕ್ಕೆ ಸಂಗೀತ ನುಡಿಸುವ ನಿಸ್ತಂತು ವ್ಯವಸ್ಥೆಗೆ ಹೆಸರಾಯಿತು. 2005ರಲ್ಲಿ ಮಾರುಕಟ್ಟೆಗೆ ಬಂದ ಮೊದಲ ಉತ್ಪನ್ನದ ಜೊತೆಗೆ ಗುಂಡಿಗಳುಳ್ಳ ಪ್ರತ್ಯೇಕ ರಿಮೋಟ್ ಇತ್ತು. 2008ರಲ್ಲಿ ಐಫೋನ್ ಆಪ್ ಬಂದಿತು. ಕ್ರಮೇಣ ಆಪ್ ರಿಮೋಟಿನ ಜಾಗವನ್ನು ಪಡೆಯಿತು.

ಈ ವ್ಯವಸ್ಥೆಯಲ್ಲಿ ಹಾಡು ಫೋನಿನಿಂದ ಸ್ಪೀಕರ್‌ಗೆ ಹೋಗಬೇಕಿಲ್ಲ. ಸ್ಪೀಕರ್ ತಾನೇ ಮನೆಯ ವೈಫೈ ಮೂಲಕ ಸ್ಪಾಟಿಫೈ, ಆಪಲ್ ಮ್ಯೂಸಿಕ್‌ನಂತಹ ಸೇವೆಗಳಿಂದ ಹಾಡನ್ನು ತರಿಸಿಕೊಳ್ಳುತ್ತದೆ. ಫೋನ್ ಕೇವಲ ಆಜ್ಞೆ ನೀಡುತ್ತದೆ. ಆದ್ದರಿಂದ ಆಜ್ಞೆ ತಲುಪುವ ದಾರಿಯೇ ಕೆಟ್ಟರೆ, ಸುಸ್ಥಿತಿಯಲ್ಲಿರುವ ಸ್ಪೀಕರ್ ಕೂಡ ಮಾಲೀಕನ ಮಾತು ಕೇಳುವುದಿಲ್ಲ.

2024ರ ಮೇ ತಿಂಗಳಲ್ಲಿ ನಡೆದದ್ದು

2024ರ ಮೇ 7ರಂದು ಕಂಪನಿಯು ಆಪ್ ಅನ್ನು ಬುಡದಿಂದಲೇ ಹೊಸದಾಗಿ ಕಟ್ಟಿ ಬಿಡುಗಡೆ ಮಾಡಿತು. ಎಲ್ಲ ಸೇವೆಗಳನ್ನೂ ಒಂದೇ ಮುಖಪುಟಕ್ಕೆ ತರುವುದು ಉದ್ದೇಶವಾಗಿತ್ತು. ಆದರೆ ಬಳಕೆದಾರರು ವರ್ಷಗಳಿಂದ ನೆಚ್ಚಿಕೊಂಡಿದ್ದ ಹಲವು ಸೌಲಭ್ಯಗಳು ಹೊಸ ಆಪ್‌ನಲ್ಲಿ ಕಾಣೆಯಾಗಿದ್ದವು:

* ಅಲಾರಂ ಹೊಂದಿಸುವುದು
* ನಿದ್ರೆಯ ವೇಳೆಗೆ ಸಂಗೀತ ತಾನಾಗಿ ನಿಲ್ಲುವ ಟೈಮರ್
* ಸ್ವಂತ ಕಂಪ್ಯೂಟರಿನಲ್ಲಿ ಸಂಗ್ರಹಿಸಿಟ್ಟ ಹಾಡುಗಳಲ್ಲಿ ಹುಡುಕಾಟ
* ಮುಂದೆ ನುಡಿಸಬೇಕಾದ ಹಾಡುಗಳ ಸಾಲನ್ನು ತಿದ್ದುವುದು

ಧ್ವನಿಯ ಮಟ್ಟ ಬದಲಿಸಿದರೆ ತಡವಾಗಿ ಪ್ರತಿಕ್ರಿಯೆ, ಸ್ಪೀಕರ್‌ಗಳು ಪಟ್ಟಿಯಿಂದ ಮಾಯವಾಗುವುದು ಮೊದಲಾದ ದೂರುಗಳೂ ಕೇಳಿಬಂದವು.

ಅತಿ ಹೆಚ್ಚು ತೊಂದರೆ ಅನುಭವಿಸಿದವರು ದೃಷ್ಟಿ ವಿಶೇಷಚೇತನರು. ಪರದೆಯ ಮೇಲಿನದನ್ನು ಓದಿ ಹೇಳುವ ವಾಯ್ಸ್‌ಓವರ್‌ನಂತಹ ತಂತ್ರಾಂಶಗಳಿಗೆ ಹೊಸ ಆಪ್ ಸರಿಯಾಗಿ ಹೊಂದಿಕೊಳ್ಳಲಿಲ್ಲ. ಹಿಂದಿನ ದಿನದವರೆಗೆ ಯಾರ ನೆರವೂ ಇಲ್ಲದೆ ಹಾಡು ಕೇಳುತ್ತಿದ್ದವರು ತಾವೇ ಹಣ ಕೊಟ್ಟು ಕೊಂಡ ಸಾಧನಕ್ಕಾಗಿ ಇನ್ನೊಬ್ಬರನ್ನು ಅವಲಂಬಿಸಬೇಕಾಯಿತು. ಆಕ್ಷೇಪ ವ್ಯಕ್ತವಾದ ಬಳಿಕ ಕಂಪನಿಯು ಹಂತ ಹಂತವಾಗಿ ಸುಧಾರಣೆಗೆ ಮುಂದಾಯಿತು.

ಹಿಂದಿರುಗಲು ದಾರಿಯಿಲ್ಲ

ಹಳೆಯ ಆಪ್ ಅನ್ನೇ ಮರಳಿ ಕೊಡಿ ಎಂಬುದು ಹಲವರ ಬೇಡಿಕೆಯಾಗಿತ್ತು. ಕಂಪನಿಯೂ ಅದನ್ನು ಪರಿಶೀಲಿಸಿತು. ಆದರೆ ಅಷ್ಟರಲ್ಲಿ ಸ್ಪೀಕರ್‌ಗಳೊಳಗಿನ ತಂತ್ರಾಂಶ ಹಾಗೂ ಕ್ಲೌಡ್ ವ್ಯವಸ್ಥೆ ಎರಡೂ ಬದಲಾಗಿದ್ದವು. ಹಳೆಯದನ್ನು ಮರಳಿ ತಂದರೆ ಸಮಸ್ಯೆ ಉಲ್ಬಣಿಸುತ್ತದೆ ಎಂಬ ತೀರ್ಮಾನಕ್ಕೆ ಆಗಸ್ಟ್‌ನಲ್ಲಿ ಬರಲಾಯಿತು.

ತೆತ್ತ ಬೆಲೆ

ಮುಖ್ಯ ಕಾರ್ಯನಿರ್ವಹಣಾಧಿಕಾರಿ ಪ್ಯಾಟ್ರಿಕ್ ಸ್ಪೆನ್ಸ್ ಜುಲೈನಲ್ಲಿ ಬಹಿರಂಗ ಕ್ಷಮೆ ಕೋರಿದರು. ಆಪ್ ಸರಿಪಡಿಸಲು 2ರಿಂದ 3 ಕೋಟಿ ಡಾಲರ್ ವೆಚ್ಚವಾಗಲಿದೆ ಎಂದು ಆಗಸ್ಟ್‌ನಲ್ಲಿ ಅಂದಾಜಿಸಲಾಯಿತು. ಎರಡು ಹೊಸ ಉತ್ಪನ್ನಗಳ ಬಿಡುಗಡೆಯನ್ನು ಮುಂದೂಡಲಾಯಿತು. ಅದೇ ತಿಂಗಳು ಸುಮಾರು 100 ಉದ್ಯೋಗಿಗಳು ಕೆಲಸ ಕಳೆದುಕೊಂಡರು.

ಬಿಡುಗಡೆಗೆ ಮುನ್ನ ಕಟ್ಟುನಿಟ್ಟಿನ ಪರೀಕ್ಷೆ, ಬದಲಾವಣೆಗಳನ್ನು ಹಂತ ಹಂತವಾಗಿ ಜಾರಿಗೊಳಿಸುವುದು, ಗ್ರಾಹಕರ ಸಲಹಾ ಮಂಡಳಿ ಹಾಗೂ ಮನೆ ಸ್ಪೀಕರ್‌ಗಳ ವಾರಂಟಿಗೆ ಒಂದು ವರ್ಷದ ವಿಸ್ತರಣೆ - ಇವು ಅಕ್ಟೋಬರ್‌ನಲ್ಲಿ ನೀಡಿದ ಭರವಸೆಗಳಲ್ಲಿ ಸೇರಿದ್ದವು. 2025ರ ಜನವರಿಯಲ್ಲಿ ಸ್ಪೆನ್ಸ್ ಹುದ್ದೆ ತೊರೆದರು. ಹಂಗಾಮಿಯಾಗಿ ಬಂದ ಟಾಮ್ ಕಾನ್ರಾಡ್ ಜುಲೈನಲ್ಲಿ ಪೂರ್ಣಾವಧಿಗೆ ನೇಮಕಗೊಂಡರು. ಫೆಬ್ರುವರಿಯಲ್ಲಿ ಮತ್ತೆ ಸುಮಾರು 200 ಹುದ್ದೆಗಳು ಕಡಿತಗೊಂಡವು.

ಬಳಕೆದಾರರು ಗಮನಿಸಬೇಕಾದ ಅಂಶಗಳು

* ಸಾಧನ ಕೊಳ್ಳುವ ಮುನ್ನ, ಆಪ್ ಇಲ್ಲದೆಯೂ ಅದು ಕೆಲಸ ಮಾಡುತ್ತದೆಯೇ ಎಂದು ವಿಚಾರಿಸಬೇಕು. ಬ್ಲೂಟೂತ್, ತಂತಿ ಸಂಪರ್ಕ ಮತ್ತು ಧ್ವನಿ ಹೆಚ್ಚು-ಕಡಿಮೆ ಮಾಡುವ ಗುಂಡಿ ಇದ್ದರೆ ಸಂಕಟದಲ್ಲಿ ಒದಗುತ್ತವೆ.
* ದೊಡ್ಡ ಅಪ್‌ಡೇಟ್ ಬಂದಾಗ ಕೂಡಲೇ ಸ್ವೀಕರಿಸದೆ, ಇತರರ ಅನುಭವವನ್ನು ಕೆಲವು ದಿನ ಗಮನಿಸುವುದು ಲೇಸು. ಐಫೋನ್ ಹಾಗೂ ಆಂಡ್ರಾಯ್ಡ್ ಎರಡರಲ್ಲೂ ಆಪ್‌ಗಳ ಸ್ವಯಂಚಾಲಿತ ಅಪ್‌ಡೇಟ್ ನಿಲ್ಲಿಸಬಹುದು. ಆದರೆ ಭದ್ರತೆಗೆ ಸಂಬಂಧಿಸಿದ ಅಪ್‌ಡೇಟ್‌ಗಳನ್ನು ಬಹಳ ಕಾಲ ತಡೆಯುವುದು ತರವಲ್ಲ.
* ಮನೆಯಲ್ಲಿ ವೃದ್ಧರು ಅಥವಾ ದೃಷ್ಟಿದೋಷವುಳ್ಳವರಿದ್ದರೆ, ವಾಯ್ಸ್‌ಓವರ್ ಅಥವಾ ಟಾಕ್‌ಬ್ಯಾಕ್ ಚಾಲನೆಗೊಳಿಸಿ ಆಪ್ ಅನ್ನು ಅವರ ಕೈಯಲ್ಲೇ ಪರೀಕ್ಷಿಸುವುದು ಉತ್ತಮ.

ಸ್ಪೀಕರ್ ಕೊಂಡವನು ಅದರ ಜೊತೆಗೆ ಆಪ್‌ನ ಭವಿಷ್ಯವನ್ನೂ ಕೊಂಡಿರುತ್ತಾನೆ. ಆದರೆ ಆ ಭವಿಷ್ಯದ ನಿರ್ಧಾರ ತಯಾರಕರ ಕೈಯಲ್ಲೇ ಉಳಿದಿರುತ್ತದೆ.